ಎರಡು ಬಾಗಿಲಿನದು, ನಾಲ್ಕು ಬಾಗಿಲಿನದು

ನಮ್ಮ ಮಾವನವರು ಒಂದು ಕಾರು ಬೇಕೆಂದು ಎರಡು ಕಾರು ಬುಕ್ ಮಾಡಿದ್ದರು. ಈಗಿನವರಿಗೆ ಇದು ಹುಚ್ಚಾಟವಾಗಿ ಕಾಣಬಹುದು. ಅರವತ್ತರ ದಶಕದಲ್ಲಿ ಅದು ಪ್ಯೂರ್ ಕಾಮನ್ ಸೆನ್ಸ್. ಹಣ ಹಿಡಿದುಕೊಂಡು ಹೋದ ಕೂಡಲೇ ಕಾರು ಸಿಗುತ್ತಿರಲಿಲ್ಲ; ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಅನುಕೂಲವಿದ್ದವರು ಒಂದು ಕಂಪೆನಿಯಲ್ಲಿ ತಮ್ಮ ಹೆಸರು, ಅದರ ಎದುರಾಳಿ ಕಂಪೆನಿಯಲ್ಲಿ ಮಗನ ಹೆಸರು ಬರೆಸಿ, ಯಾವುದು ಮೊದಲು ಬರುತ್ತದೋ ಅದೇ ನಮ್ಮದು ಎಂದು ಸುಮ್ಮನಿರುತ್ತಿದ್ದರು. ನಮ್ಮ ಗ್ರಹಚಾರಕ್ಕೆ ಎರಡೂ ಒಟ್ಟಿಗೆ ಬಂದವು. ಒಂದೇ ಏಪ್ರಿಲ್‌ನಲ್ಲಿ ಮಂಗಳೂರಿನ ಇಬ್ಬರು ಡೀಲರ್‌ಗಳೂ ನಿಮ್ಮ ಸರದಿ ಬಂದಿದೆ, ಬೇಕೋ ಬೇಡವೋ ತಿಂಗಳೊಳಗೆ ಹೇಳಿ ಎಂದರು.

ಆ ತಿಂಗಳನ್ನು ನೆನೆದರೆ ಈಗಲೂ ನನ್ನ ಹಣೆಯ ನರ ಬಿಗಿಯುತ್ತದೆ.

ಕಾರುಗಳ ಕಂಪೆನಿ ಹೆಸರು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಒಂದು ಎರಡು ಬಾಗಿಲಿನದು, ಇನ್ನೊಂದು ನಾಲ್ಕು ಬಾಗಿಲಿನದು, ಅಷ್ಟೆ. ಎರಡೂ ಸಣ್ಣ ಕಾರುಗಳೇ. ಎರಡು ಬಾಗಿಲಿನದು ನೋಡಲಿಕ್ಕೆ ವೆರಿ ಸ್ಮಾರ್ಟ್. ಅದರ ಬಾನೆಟ್ ಮುಂದಕ್ಕೆ ಮಗುಚಿಕೊಂಡು ಇಡೀ ಎಂಜಿನ್ನನ್ನೇ ಬಿಚ್ಚಿ ತೋರಿಸುತ್ತಿತ್ತು. ಗೇರ್ ನೆಲದಲ್ಲಿ. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ಬೆನ್ನು ಬಗ್ಗಿಸಿ, ಸಂದಿಯಲ್ಲಿ ನುಸುಳಬೇಕು. ನಾಲ್ಕು ಬಾಗಿಲಿನದು ದುಂಡಗೆ, ಉರುಟುರುಟಾಗಿ ಸಾಧು ಪ್ರಾಣಿಯಂತೆ ಇತ್ತು. ಅದರ ಗೇರ್ ಸ್ಟಿಯರಿಂಗಿನ ಪಕ್ಕದಲ್ಲೇ. ಹಿಂದೆ ಕೂರುವವರಿಗೆ ಅವರದೇ ಬಾಗಿಲು.

ನನಗೆ ಬೇಕಾದದ್ದು ನಾಲ್ಕು ಬಾಗಿಲಿನದು. ಯಾಕೆ ಎಂದು ಮೊದಲು ಹೇಳಿಬಿಡುತ್ತೇನೆ.

ಮಾವ ಪುತ್ತೂರಿನಲ್ಲಿ ವಕೀಲರು. ವಯಸ್ಸಾದ ಮೇಲೆ ಕೋರ್ಟಿಗೆ ಹೋಗುವುದನ್ನು ಕಡಿಮೆ ಮಾಡಿ, ಕಡಬದ ಪೇಟೆಯಲ್ಲಿ ಒಂದು ಕೋಣೆ ಹಿಡಿದು, ವಾರದಲ್ಲಿ ಮೂರು ದಿನ ಅಲ್ಲಿಗೆ ಹೋಗಿ ಕಕ್ಷಿದಾರರನ್ನು ನೋಡುತ್ತಿದ್ದರು. ಆ ಕಡೆಯಲ್ಲಿ ಹೊಸದಾಗಿ ಒಂದು ಹೈಸ್ಕೂಲು ಆಗಿತ್ತು, ಇಂಗ್ಲಿಷ್ ಹೇಳಿಕೊಡುವವರಿರಲಿಲ್ಲ. ಹೆಡ್‌ಮಾಸ್ಟರರು ಮಾವನ ಪರಿಚಯದವರು. ನಿಮ್ಮ ಸೊಸೆ ಕಾನ್ವೆಂಟಿನಲ್ಲಿ ಕಲಿತು ಬಿ.ಎ. ಮಾಡಿದವರಲ್ಲವೇ, ನೀವು ಬರುವ ಮೂರು ದಿನಗಳಿಗೇ ಇಂಗ್ಲಿಷ್ ಪೀರಿಯಡ್‌ಗಳನ್ನೆಲ್ಲ ಹಾಕಿಕೊಡುತ್ತೇನೆ, ನಿಮ್ಮ ಒಟ್ಟಿಗೇ ಬಂದು ಹೋಗಲಿ ಎಂದು ಅವರೇ ಕೇಳಿದ್ದರು. ಮಾವ ಬೇಡ ಎನ್ನಲಿಲ್ಲ. ಮದುವೆಯಾಗಿ ಬಂದ ಮೇಲೆ ನಾನು ಓದಿದ್ದನ್ನು ಯಾರಾದರೂ ಕೇಳಿಕೊಂಡು ಬಂದದ್ದು ಅದೇ ಮೊದಲು. ಜೂನ್‌ವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೆಡ್‌ಮಾಸ್ಟರರು ಮೊದಲೇ ಹೇಳಿದ್ದರು. ಕಡಬದ ಬಸ್ಸು ಪೇಟೆ ಮುಟ್ಟುವಾಗ ಶಾಲೆಯಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಕಾರೇ ಗತಿ.

ಕಾರು ಓಡಿಸುವವರು ಯಾರು? ನಮ್ಮಲ್ಲಿ ಅಷ್ಟರವರೆಗೆ ಇದ್ದ ಡ್ರೈವರ್ ಬ್ಯಾರಿ ಸಾಯ್ಬರು. ಕೊನೆಯ ಉಸಿರು ಎಳೆಯುತ್ತಿದ್ದ ನಮ್ಮ ಹಳೆಯ ಕಾರಿನಷ್ಟೇ ಹಳಬರು, ಅದಕ್ಕಿಂತ ಹೆಚ್ಚು ಸದ್ದು ಮಾಡುವವರು. ಅವರು ಸುಳ್ಯದಲ್ಲಿ ಸ್ವಂತ ಬಾಡಿಗೆ ಕಾರು ಇಡುತ್ತೇನೆಂದು ಮೇ ಕೊನೆಗೆ ಹೊರಟಿದ್ದರು. ಬೇರೆ ಡ್ರೈವರ್ ಸಿಗಲಿಲ್ಲ. ಕೈಯಲ್ಲಿ ಲೈಸೆನ್ಸ್ ಇದ್ದವರೆಲ್ಲ ಬಸ್ಸು ಲಾರಿ ಎಂದು ಹೋಗಿಯಾಗಿತ್ತು. ನನ್ನ ಗಂಡನಿಗೆ ಡ್ರೈವಿಂಗ್ ಬರುತ್ತಿತ್ತು, ಆದರೆ ಅವರ ಮದ್ದಿನ ಅಂಗಡಿ ಭಾನುವಾರ ಬಿಟ್ಟು ಬಾಕಿ ದಿನ ಮುಚ್ಚುವ ಹಾಗಿಲ್ಲ. ಉಳಿದದ್ದು ನಾನು. ನನಗೆ ಲೈಸೆನ್ಸ್ ಇತ್ತು. ಸಾಯ್ಬರೇ ಕಲಿಸಿದ್ದು. ಮಂಗಳೂರಿನ ಬ್ರೇಕ್ ಇನ್ಸ್‌ಪೆಕ್ಟರ್ ನನ್ನನ್ನು ಏರುದಾರಿಯಲ್ಲಿ ನಿಲ್ಲಿಸಿ, ಹತ್ತಿಸಿ, ಹಿಂದೆ ಹೊಡೆಸಿ ಪಾಸು ಮಾಡಿದ್ದರು. ಮನೆಯವರಿಗೆಲ್ಲ ಗೊತ್ತಿತ್ತು. ಆದರೆ ಅದು ನಾನು ಪಿಯಾನೋ ಕಲಿತ ಹಾಗೆ, ಕ್ರೋಶಾ ಹೆಣೆಯುವ ಹಾಗೆ, ಒಂದು ಅಕಂಪ್ಲಿಷ್‌ಮೆಂಟ್ ಎಂದು ಎಲ್ಲರ ಲೆಕ್ಕ. ಅದರಿಂದ ಒಂದು ಉಪಯೋಗ ಆಗಬಹುದು ಎಂದು ಯಾರ ಬಾಯಲ್ಲೂ ಬಂದಿರಲಿಲ್ಲ.

ಇನ್ನು ಜಗಲಿಯ ಕಾನ್ಫರೆನ್ಸ್. ಸಂಜೆಯಾದರೆ ಸಾಕು, ಯಾರಾದರೂ ಬಂದು ಕೂರುತ್ತಿದ್ದರು. ಮಾವ ಎರಡು ಕಾರುಗಳನ್ನು ವಾದಿ ಪ್ರತಿವಾದಿ ಮಾಡಿಕೊಂಡು ವಿಚಾರಣೆ ನಡೆಸುತ್ತಿದ್ದರು. ಎರಡು ಬಾಗಿಲಿನದು ಗ್ಯಾಲನ್ನಿಗೆ ಎಷ್ಟು ದೂರ ಓಡುತ್ತದೆ? ನಾಲ್ಕು ಬಾಗಿಲಿನದರ ಅಡಿ ನೆಲಕ್ಕೆ ತಾಗುತ್ತದೆಯೇ? ಕೋಡಿಂಬಾಳದ ಮಣ್ಣು ದಾರಿಯಲ್ಲಿ ಯಾವುದು ಕುಣಿಯುವುದು ಕಡಿಮೆ? ಪಕ್ಕದ ಮನೆಯ ಪೋಸ್ಟ್‌ಮಾಸ್ಟರರು ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೆ ಏನೂ ಹತ್ತಿದವರಲ್ಲ. ಅವರಿಗೂ ಒಂದು ಅಭಿಪ್ರಾಯ. ಮಾವನ ಸ್ನೇಹಿತರಾದ ಡಾಕ್ಟರರಲ್ಲಿ ಎರಡು ಬಾಗಿಲಿನದೇ ಇತ್ತು, ಅವರು ಅದರ ಬಾನೆಟ್ಟಿನ ಗುಣಗಾನ ಮಾಡುವುದನ್ನು ಕೇಳಿದರೆ ಬಾನೆಟ್ಟಿನ ಮೇಲೇ ಕೂತು ಹೋಗುತ್ತಾರೋ ಎಂದು ಅನುಮಾನ ಬರಬೇಕು. ಒಂದು ದಿನ ತೀರ್ಪು ಈ ಕಡೆ, ಮರುದಿನ ಆ ಕಡೆ. ನಾನು ಒಳಗೆ ಬಾಗಿಲ ಹಿಂದೆ ನಿಂತು ಹಲ್ಲು ಕಚ್ಚುತ್ತಿದ್ದೆ. ಗಂಡನನ್ನು ಕೇಳಿದರೆ, "ನಂಗೆ ಯಾವುದಾದ್ರೂ ಆಗ್ತದೆ ಮಾರಾಯ್ತಿ, ನಾನು ಅಂಗಡಿಗೆ ನಡ್ಕೊಂಡು ಹೋಗುದಲ್ವಾ" ಎಂದು ಪೇಪರ್ ಮಡಚಿ ಏಳುತ್ತಿದ್ದರು. ಹೆಲ್ಪ್‌ಫುಲ್ ಮನುಷ್ಯ.

ಕೋರ್ಟಿನಲ್ಲಿ ಮಾವನ ಪ್ರಶ್ನೆ ಎರಡೇ ಮಾತಿನದು ಎಂದು ಹೆಸರು. ಅಂಥವರಿಗೆ ಒಂದು ಡಬ್ಬಿಯಂಥ ಕಾರು ಆರಿಸಲಿಕ್ಕೆ ಯಾಕೆ ಆಗುವುದಿಲ್ಲ ಎಂದು ನನಗೆ ಅರ್ಥವೇ ಆಗಲಿಲ್ಲ. ಒಂದು ಮಧ್ಯಾಹ್ನ ತೆಂಗಿನಕಾಯಿ ತುರಿಯುತ್ತಾ ಅತ್ತೆಯ ಹತ್ತಿರ ಗೊಣಗಿದೆ. ಅವರು ಒಲೆಯ ಬುಡದಿಂದ ತಲೆ ಎತ್ತದೆ ಹೇಳಿದರು:

"ಇಷ್ಟು ಓದಿದ್ದಿ, ನಿಂಗೆ ಗೊತ್ತಾಗುದಿಲ್ವಾ? ಅವ್ರಿಗೆ ಕಾರು ಯಾವುದಾದ್ರೂ ಆಗ್ತದೆ. ಅವ್ರು ಕೂರುದು ಎಲ್ಲಿ?"

ನನಗೆ ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಸೊಸೆ ಮಾವನ ಸರಿಸಮಕ್ಕೆ ಕೂರುವ ಕ್ರಮ ಇರಲಿಲ್ಲ, ನೇರವಾಗಿ ಮಾತಾಡುವ ಕ್ರಮವಂತೂ ಮೊದಲೇ ಇಲ್ಲ. ಜಗಳವೆಂದಲ್ಲ, ಮರ್ಯಾದೆ. ಪೇಪರ್ ಓದುವಾಗ ಮಾವನಿಗೆ ಒಂದು ಇಂಗ್ಲಿಷ್ ಶಬ್ದದ ಅರ್ಥ ಬೇಕಾದರೆ, ನಾನು ಎದುರಿನ ಕಂಬದ ಪಕ್ಕದಲ್ಲಿ ನಿಂತಿದ್ದರೂ, "ಅವಳ ಹತ್ರ ಕೇಳು" ಎಂದು ಅತ್ತೆಗೆ ಹೇಳುವರು. ನಾನು ಅರ್ಥವನ್ನು ಅತ್ತೆಗೆ ಹೇಳುವುದು, ಮಾವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅತ್ತೆಗೆ ಆ ಶಬ್ದವೂ ಬೇಡ, ಅರ್ಥವೂ ಬೇಡ. ಅವರು ಹೂಂ ಎಂದರೆ ಕೆಲಸ ಆಯಿತು. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಮಾವ ಬೆಕ್ಕಿಗೆ ಹೇಳುತ್ತಿದ್ದರು. ನಾನು ನಗುವುದಕ್ಕಾಗಿ ಬರೆಯುತ್ತಿಲ್ಲ. ಹಾಗೇ ಇತ್ತು.

ಈಗ ಕಾರಿನ ಒಳಗೆ ಇದನ್ನು ಇಟ್ಟು ನೋಡಿ. ಎರಡು ಬಾಗಿಲಿನದನ್ನು ನಾನು ಓಡಿಸುವುದಾದರೆ ಮಾವ ಮುಂದೆ ಕೂತರೆ ಸೊಸೆಯ ಪಕ್ಕ. ನೆಲದ ಗೇರು ಬೇರೆ, ಪ್ರತಿ ತಿರುವಿಗೂ ನನ್ನ ಕೈ ಅವರ ಪಂಚೆಯ ಹತ್ತಿರ. ಸಾಧ್ಯವಿಲ್ಲ. ಹಿಂದೆ ಕೂತರೆ ನಾನು ಸೀಟು ಮಡಚಿ ಹಿಡಿದು ನಿಲ್ಲಬೇಕು, ಅವರು ನನ್ನೆದುರು ಬಗ್ಗಿ ನುಸುಳಬೇಕು. ಅದೂ ಸಾಧ್ಯವಿಲ್ಲ. ಎಂದರೆ ಎರಡು ಬಾಗಿಲಿನದು ಬಂದರೆ ಅದು ಭಾನುವಾರದ ಕಾರು, ಕಡಬದ ಕೋಣೆಗೆ ಬೀಗ, ನನ್ನ ಶಾಲೆಗೂ ಬೀಗ. ನಾಲ್ಕು ಬಾಗಿಲಿನದಾದರೆ ಮಾವ ಹಿಂದಿನ ಬಾಗಿಲು ತೆಗೆದು ಗಂಭೀರವಾಗಿ ಕೂತುಕೊಳ್ಳಬಹುದು. ಆದರೆ ಅದು ಬೇಕೆಂದು ಹೇಳಿದರೆ, ಇನ್ನು ತಮ್ಮನ್ನು ಕರೆದುಕೊಂಡು ಹೋಗುವವಳು ಸೊಸೆ ಎಂದು ಊರಿಗೆಲ್ಲ ಹೇಳಿದ ಹಾಗೆ. ಅದನ್ನು ಹೇಳಲಾಗದೆ ಪಾಪದ ಮನುಷ್ಯ ಮೈಲೇಜು, ಬಾನೆಟ್ಟು ಎಂದು ದಿನ ದೂಡುತ್ತಿದ್ದರು. ತಿಂಗಳು ಮುಗಿಯುತ್ತಾ ಬಂದಿತ್ತು. ಎರಡು ಸರದಿಯೂ ಕೈತಪ್ಪಿದರೆ ಮತ್ತೆ ಐದಾರು ವರ್ಷ.

ಕೊನೆಗೆ ಅತ್ತೆಯೇ ದಾರಿ ಮಾಡಿದ್ದು. ಒಂದು ರಾತ್ರಿ ಮಾವನಿಗೆ ಬಡಿಸುತ್ತಾ, ಓಡಿಸುವವಳು ಓಡಿಸಿ ನೋಡದೆ ನೀವು ಜಗಲಿಯಲ್ಲಿ ಕೂತು ಎಂತ ನೋಡುದು ಎಂದರಂತೆ. ಓಡಿಸುವವಳು ಎಂಬ ಮಾತು ಆ ಮನೆಯಲ್ಲಿ ಮೊದಲ ಸಲ ಬಾಯಿಗೆ ಬಂತು. ಮಾವ ಮಜ್ಜಿಗೆ ಕುಡಿದು ಎದ್ದರಂತೆ. ಮರುದಿನ ಸಾಯ್ಬರಿಗೆ ಅಪ್ಪಣೆಯಾಯಿತು. ಭಾನುವಾರ ಡಾಕ್ಟರರ ಎರಡು ಬಾಗಿಲಿನದನ್ನು ಕೇಳಿ ತರುವುದು, ಅದರಲ್ಲಿ ಕುಂಬ್ರದವರೆಗೆ ಹೋಗುವುದು. ಕುಂಬ್ರದಲ್ಲಿ ಮರದ ವ್ಯಾಪಾರದ ಬ್ಯಾರಿ ಸಾಹುಕಾರರ ಹತ್ತಿರ ನಾಲ್ಕು ಬಾಗಿಲಿನದು ಇದೆ, ವಾಪಸು ಬರುವುದು ಅದರಲ್ಲಿ. ಎರಡನ್ನೂ "ಅವಳು" ಓಡಿಸಿ ನೋಡುವುದು.

ಭಾನುವಾರ ಬೆಳಿಗ್ಗೆ ಗಂಡ ಅತ್ತೆಯನ್ನು ಕರೆದುಕೊಂಡು ಯಾರದೋ ಉಪನಯನಕ್ಕೆ ಹೋದರು. ಬೇಕೆಂದೇ ಹೋದರು ಎಂದು ಈಗಲೂ ನನ್ನ ಅನುಮಾನ. ಮಾವ ಹಿಂದಿನ ಸೀಟಿಗೆ ನುಸುಳುವಾಗ ನಾನು ಅಂಗಳದ ತುಳಸಿಯನ್ನು ನೋಡುತ್ತಾ ನಿಂತೆ, ಸಾಯ್ಬರು ಸೀಟು ಹಿಡಿದರು. ಕಾನ್ವೆಂಟಿನಲ್ಲಿ ಡೆಪೋರ್ಟ್‌ಮೆಂಟ್ ಎಂದು ಒಂದು ಕ್ಲಾಸ್ ಇತ್ತು. ಲೇಡಿಯಾದವಳು ಮೋಟರ್ ಕಾರಿಗೆ ಹೇಗೆ ಹತ್ತಬೇಕು, ಮೊದಲು ಕೂತು, ಮೊಣಕಾಲು ಜೋಡಿಸಿ, ಆಮೇಲೆ ಪಾದಗಳನ್ನು ಒಳಗೆ ತೆಗೆದುಕೊಳ್ಳಬೇಕು ಎಂದು ಮದರ್ ಕುರ್ಚಿ ಇಟ್ಟು ಕಲಿಸಿದ್ದರು. ವಕೀಲರಾದ ಮಾವನವರು ಹೇಗೆ ಹತ್ತಬೇಕೆಂದು ಸಿಲೆಬಸ್‌ನಲ್ಲಿ ಇರಲಿಲ್ಲ. ಒಳಗಿನಿಂದ ಒಂದು ಉಸಿರು, ಕೊಡೆ ಬಿದ್ದ ಸದ್ದು, ಆಮೇಲೆ "ಆಯ್ತು" ಎಂದು ಕೇಳಿತು. ಸಾಯ್ಬರು ಮುಂದೆ ಎಡಗಡೆ ಕೂತರು. ನಾನು ಸ್ಟಾರ್ಟ್ ಮಾಡಿದೆ.

ಮಾವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಆದರೆ ಡ್ರೈವರ್‌ಗಳಿಗೆ ಹೇಳಿ ಹೇಳಿ ಅಭ್ಯಾಸ. ಈಗ ನನಗೆ ಹೇಳುವ ಹಾಗಿಲ್ಲ. ಹಾಗಾಗಿ ಸಾಯ್ಬರಿಗೆ ಹೇಳತೊಡಗಿದರು. ಮುಂದೆ ದನ ಉಂಟು, ಅವಳಿಗೆ ಹಾರ್ನ್ ಹಾಕಲಿಕ್ಕೆ ಹೇಳು. ಸಾಯ್ಬರು ನನ್ನ ಕಡೆ ತಿರುಗಿ, ಅಮ್ಮ, ಹಾರ್ನ್ ಹಾಕಬೇಕಂತೆ. ಅಷ್ಟರಲ್ಲಿ ದನ ಹಿಂದೆ ಉಳಿದಿರುತ್ತಿತ್ತು. ಗೇರ್ ಬದಲಿಸಲಿಕ್ಕೆ ಹೇಳು ಎಂದು ಏರಿನ ಬುಡದಲ್ಲಿ ಹೊರಟ ಅಪ್ಪಣೆ ಏರಿನ ತುದಿಯಲ್ಲಿ ನನಗೆ ತಲುಪುತ್ತಿತ್ತು. ಕ್ಲಚ್ಚು, ಗೇರು, ಎದುರಿನ ರಸ್ತೆ, ಹಿಂದಿನ ಮಾತು, ಪಕ್ಕದ ಅನುವಾದ. ಮೈ ಗಾಡ್, ಇಂಥ ಸಿಸ್ಟಮ್‌ನಲ್ಲಿ ಸರ್ಕಾರ ನಡೆಸಬಹುದು, ಕಾರು ನಡೆಸಲಿಕ್ಕಾಗುವುದಿಲ್ಲ. ಉತ್ತರ ಕೊಡುವುದೂ ಹಾಗೇ: ನಾನು ನೋಡಿದ್ದೇನೆ ಎಂದು ಹೇಳಿ ಎಂದರೆ ಸಾಯ್ಬರು ಹಿಂದೆ ತಿರುಗಿ, ಅವರು ನೋಡಿದ್ದಾರಂತೆ ವಕೀಲ್ರೆ. ಅವರ ಕುತ್ತಿಗೆ ಆ ಬೆಳಿಗ್ಗೆ ಪಟ್ಟ ಕಷ್ಟ ನಮ್ಮ ಹಳೆಯ ಕಾರೂ ಪಟ್ಟಿರಲಿಕ್ಕಿಲ್ಲ.

ಕುಂಬ್ರದ ಅಂಗಡಿಗಳು ಕಾಣುವ ತಿರುವಿನಲ್ಲಿ ಎದುರಿನಿಂದ ಸುಳ್ಯದ ಬಸ್ಸು ಬಂತು, ರಸ್ತೆಯ ನಡುವಿನಲ್ಲಿ, ತನ್ನ ಅಜ್ಜನ ರಸ್ತೆ ಎಂಬ ಹಾಗೆ. ಎಡಕ್ಕೆ ಹೋಗಬೇಕೆಂದು ನನಗೆ ಗೊತ್ತಿತ್ತು, ಹೋದೆ. ಮಾವ ಎಡಕ್ಕೆ ಹೋಗಲು ಹೇಳು ಎಂದರು, ನಾನು ಹೋಗಿ ಆದ ಮೇಲೆ ಸಾಯ್ಬರು ಎಡಕ್ಕೆ ಹೋಗಬೇಕಂತೆ ಎಂದರು. ಇನ್ನೂ ಎಡಕ್ಕೋ ಎಂದು ನಾನು ಇನ್ನಷ್ಟು ಹೋದೆ. ಬಸ್ಸು ಹಾದುಹೋಯಿತು. ನಮ್ಮ ಎಡದ ಚಕ್ರಗಳೆರಡೂ ಚರಂಡಿಗೆ ಇಳಿದವು. ಏನೂ ಪೆಟ್ಟಿಲ್ಲ, ಕಾರು ರಸ್ತೆ ಬದಿಯ ಮಣ್ಣುಗೋಡೆಯಂಥ ದರೆಗೆ ಒರಗಿಕೊಂಡು ಮಧ್ಯಾಹ್ನದ ನಿದ್ದೆಗೆ ವಾಲಿದವರ ಹಾಗೆ ನಿಂತಿತು. ಸಾಯ್ಬರ ಬಾಗಿಲು ದರೆಗೆ ಒತ್ತಿಹೋಗಿತ್ತು, ತೆಗೆಯಲು ಬರಲಿಲ್ಲ. ಇನ್ನೊಂದು ಬಾಗಿಲು ನನ್ನದು. ಈ ಕಾರಿಗೆ ಇದ್ದದ್ದೇ ಎರಡು.

ಅಂಗಡಿಗಳಿಂದ ಜನ ಬರಲು ಸುರುವಾಯಿತು. ಸಾಹುಕಾರರೂ ಬಂದರು. ಒಳಗೆ ಬಗ್ಗಿ ನೋಡಿ ನಿಧಾನವಾಗಿ, "ಎಂತ ವಕೀಲ್ರೆ, ಒಳಗೇ ಕೂತು ಆರ್ಗ್ಯುಮೆಂಟಾ?" ಎಂದರು. ನಾನು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದೆ. ನಾನು ಇಳಿದು ನನ್ನ ಸೀಟು ಮಡಚದೆ ಮಾವ ಹೊರಗೆ ಬರುವ ಹಾಗಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಮಾವನಿಗೆ ಹೊಳೆದಿತ್ತು. ಅವರು ಸಾಯ್ಬರಿಗೆ ಹೇಳಿದರು, ಅವಳಿಗೆ ಇಳಿಯಲು ಹೇಳು. ಆದರೆ ಸಾಯ್ಬರು ಆಗ ತಮ್ಮ ಬಾಗಿಲಿನ ಗಾಜು ಇಳಿಸಿ ದರೆಯ ಮಣ್ಣಿಗೆ ಬ್ಯಾರಿ ಭಾಷೆಯಲ್ಲಿ ಬೈಯುವುದರಲ್ಲಿದ್ದರು, ಕೇಳಿಸಲಿಲ್ಲ. ಆಮೇಲೆ ನನ್ನ ಕಿವಿಯ ಹಿಂದೆಯೇ, ಬಹಳ ಮೆಲ್ಲ:

"ನೀನು ಒಮ್ಮೆ ಇಳಿ."

ಆರು ವರ್ಷದ ಸಂಸಾರದಲ್ಲಿ ಮಾವ ನನಗೆ ಹೇಳಿದ ಮೊದಲ ಮಾತು ಅದು. ನಾನು ಇಳಿದೆ. ಸೀಟು ಮಡಚಿ ಹಿಡಿದೆ. ಅವರು ಮೊದಲು ಕೊಡೆ, ಆಮೇಲೆ ಒಂದು ಕಾಲು, ಆಮೇಲೆ ಉಳಿದದ್ದು ಎಂದು ಹೊರಗೆ ಬಂದು, ಪಂಚೆ ಸರಿಮಾಡಿಕೊಂಡು, ನನ್ನನ್ನು ನೋಡದೆ ಸಾಹುಕಾರರ ಜೊತೆ ಹವಾಮಾನದ ಬಗ್ಗೆ ಮಾತಾಡುತ್ತಾ ನಡೆದರು. ಹತ್ತು ಜನ ಸೇರಿ ಕಾರನ್ನು ಎತ್ತಿ ರಸ್ತೆಗೆ ಇಟ್ಟರು. ಅದಕ್ಕೆ ಮಣ್ಣು ಮೆತ್ತಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಸಾಹುಕಾರರ ಮನೆಯಲ್ಲಿ ಚಹಾ ಆಯಿತು. ಈಗ ಒಂದು ಹೊಸ ತೊಂದರೆ. ಡಾಕ್ಟರರ ಕಾರನ್ನು ತೊಳೆದು ವಾಪಸು ಒಯ್ಯಬೇಕಾದವರು ಸಾಯ್ಬರು. ನಾಲ್ಕು ಬಾಗಿಲಿನದನ್ನು ಓಡಿಸಬೇಕಾದವಳು ನಾನು. ಅಂದರೆ ಅದರಲ್ಲಿ ನಾನು ಮತ್ತು ಮಾವ, ಇಬ್ಬರೇ. ನಡುವಿಗೆ ಯಾರೂ ಇಲ್ಲ, ಬೆಕ್ಕೂ ಇಲ್ಲ. ಮಾವ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರು. ಬಸ್ಸಿಗೆ ಹೋಗುತ್ತೇನೆ ಎನ್ನುತ್ತಾರೆ ಎಂದೇ ನಾನು ಎಣಿಸಿದ್ದೆ. ಹಾಗೆ ಎಂದಿದ್ದರೆ ಶಾಲೆಯ ಮಾತೂ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಿಂದಿನ ಎಡಬಾಗಿಲನ್ನು ತಾವೇ ತೆರೆದು, ಕೂತು, ಕೊಡೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಬಾಗಿಲು ಹಾಕಿಕೊಂಡರು.

ಸ್ವಲ್ಪ ದೂರ ಮೌನ. ನನಗೆ ಸ್ವರ್ಗ ಎನಿಸಿತು. ಗೇರ್ ಕೈಗೇ ಇತ್ತು, ಎಂಜಿನ್ ಮೆತ್ತಗೆ ಓಡುತ್ತಿತ್ತು. ಒಂದು ಇಳಿಜಾರಿನಲ್ಲಿ ಹಿಂದಿನಿಂದ, ಗಾಳಿಗೆ ಹೇಳಿದ ಹಾಗೆ, "ಬ್ರೇಕ್" ಎಂದು ಕೇಳಿತು. ಹಿಡಿದೆ. ಮತ್ತೊಂದು ಕಡೆ "ಹಾರ್ನ್". ಹಾಕಿದೆ. ಒಂದೊಂದೇ ಶಬ್ದ. ಪುತ್ತೂರು ಹತ್ತಿರವಾಗುವಾಗ ಪೂರ್ತಿ ವಾಕ್ಯಗಳೇ ಬರುತ್ತಿದ್ದವು, ಕೆಲವು ಕ್ರಾಸ್ ಎಕ್ಸಾಮಿನೇಷನ್ ಸಮೇತ.

ಮನೆಗೆ ಬಂದ ಮೇಲೆ ಹಳೆಯ ಕ್ರಮವೇ. ಉಪನಯನದಿಂದ ಬಂದ ಅತ್ತೆಗೆ ಮಾವ ಹೇಳಿದರು: ಎರಡು ಬಾಗಿಲಿನದ್ದು ಬೇಡ, ಅದರಲ್ಲಿ ಇಳಿಯಲಿಕ್ಕೆ ಆಗುವುದಿಲ್ಲ, ನಾಲ್ಕು ಬಾಗಿಲಿನದ್ದೇ ಆಗಲಿ. ನಾನು ಎರಡು ಗಜ ದೂರದಲ್ಲಿ, ಸೀರೆಯ ಅಂಚಿನಲ್ಲಿ ಕುಂಬ್ರದ ಮಣ್ಣು ಇಟ್ಟುಕೊಂಡು ನಿಂತಿದ್ದೆ. ತಿಂಗಳಿಡೀ ನಡೆದ ಆ ವಿಚಾರಣೆ, ಗ್ಯಾಲನ್ನು, ನೆಲದ ಎತ್ತರ, ಪೋಸ್ಟ್‌ಮಾಸ್ಟರರ ಸಾಕ್ಷ್ಯ, ಎಲ್ಲ ನೀರಿಗೆ. ನಾನು ಓಡಿಸಿದ್ದು ಹೇಗಿತ್ತು ಎಂದು ಒಂದು ಮಾತಿಲ್ಲ, ಶಾಲೆಯ ಬಗ್ಗೆಯೂ ಇಲ್ಲ. ಅಳು ಬರುವಷ್ಟು ಸಿಟ್ಟು ಬಂತು. ಕೈತೊಳೆಯಲು ಹೊರಟವರು ಬಾಗಿಲಲ್ಲಿ ನಿಂತು ಅತ್ತೆಗೆ ಇನ್ನೊಂದು ಹೇಳಿದರು: "ಹೆಡ್‌ಮಾಸ್ಟ್ರಿಗೆ ಹೇಳಿ ಕಳಿಸ್ತೇನೆ. ಜೂನ್‌ಗೆ ಬರ್ತಾಳೆ ಅಂತ."

ಕಾರು ಬಂತು, ಜೂನೂ ಬಂತು. ಮೊದಲ ದಿನ ಮಾವ ಹಿಂದೆ, ನಾನು ಮುಂದೆ. ಮಗ್ಗುಲಲ್ಲಿ ನನ್ನ ಟಿಫಿನ್ನು ಮತ್ತು ಗ್ರಾಮರ್ ಪುಸ್ತಕ. ಮನೆಯ ಗೇಟು ದಾಟಿದ ಕೂಡಲೇ ಮಾವನ ಬಾಯಿ ತೆರೆಯಿತು. ಮನೆಯಲ್ಲಿ ಒಂದು ಮಾತೂ ಆಡದ ಮನುಷ್ಯ ಕಾರಿನ ಒಳಗೆ ಉಪ್ಪಿನಂಗಡಿಯವರೆಗೆ ಉಸಿರು ಬಿಡಲಿಲ್ಲ. ನಿಧಾನ, ಅಗೋ ಕಲ್ಲು, ಈ ಕಡೆ, ಆ ಸೈಕಲ್‌ನವನನ್ನು ನಂಬಬೇಡ, ವೈಪರ್ ಹಾಕು, ಈಗ ತೆಗೆ. ನನ್ನ ತಲೆಯೊಳಗೆ ಫಸ್ಟ್ ಪೀರಿಯಡ್ಡಿನ ಪಾಠ, ಹೊರಗೆ ಮಳೆ, ಹಿಂದಿನಿಂದ ಕಾಮೆಂಟರಿ. ರಾಮಕುಂಜದ ಹತ್ತಿರ ನನಗೆ ತಡೆಯಲಾಗಲಿಲ್ಲ. ಕಾರನ್ನು ಬದಿಗೆ ತೆಗೆದು ನಿಲ್ಲಿಸಿದೆ. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಅಷ್ಟು ವರ್ಷಗಳಲ್ಲಿ ಅದನ್ನು ನಾನು ಎದುರಿನಿಂದ ನೋಡಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಕನ್ನಡಿಗೇ ಹೇಳಿದೆ:

"ಮಾವ, ಓಡಿಸುದು ನಾನು."

ಮಾವ ಕಿಟಕಿಯ ಹೊರಗೆ ನೋಡಿದರು. ಮಳೆ ಗಾಜಿನ ಮೇಲೆ ಹರಿಯುತ್ತಿತ್ತು. ಆಮೇಲೆ ವಾಚ್ ನೋಡಿಕೊಂಡು, "ಹೊತ್ತಾಯ್ತು. ಹೋಗುವಾ" ಎಂದರು.

ಕಡಬದವರೆಗೆ ಮತ್ತೆ ಮಾತಿಲ್ಲ. ಶಾಲೆಯ ಎದುರು ನಾನು ಇಳಿದೆ. ಅವರ ಕೋಣೆ ಅಲ್ಲಿಂದ ನಾಲ್ಕು ಹೆಜ್ಜೆ. ತಮ್ಮ ಬಾಗಿಲು ತಾವೇ ತೆರೆದು, ಕೊಡೆ ಬಿಡಿಸಿ ನಡೆದರು. ಮರಳುವಾಗ ಪುನಃ ಸುರುಮಾಡಿದರು.